ನೆಟ್ ಬದಲಿಸಿದ ಮೇಲೆ ಹಳೆಯ ಮೇಲ್ ಐಡಿ ಇಟ್ಟುಕೊಳ್ಳೋದಾ, ಬಿಡೋದಾ?

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಕಾಕಾ ಮನೆಗೆ ಹೋದ ವರ್ಷ ಫೈಬರ್ ನೆಟ್ ಬಂತು. ಬಂದ ಸಂಜೆಯೇ ಫೋನ್ ಮಾಡಿದರು. "ತಮ್ಮಾ, ನೆಟ್ ಭಾಳ ಚಲೋ ಓಡಾಕತ್ತೈತಿ. ಆದ್ರ ಹಳೇ ಕನೆಕ್ಷನ್ ಕಟ್ ಮಾಡಿಸಿದ್ರ ನನ್ನ ಮೇಲ್ ಏನಾಗ್ತೈತಿ? ಅದೂ ಹೋಗ್ತೈತೇನು?"

ಕಾಕಾ ಕಾಲೇಜಿನಲ್ಲಿ ಪಾಠ ಮಾಡಿ ರಿಟೈರ್ ಆದವರು. ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್ ಜೊತೆ ಕಂಪನಿ ಕೊಟ್ಟ ಮೇಲ್ ಐಡಿಯನ್ನೇ ಇಷ್ಟು ವರ್ಷ ಬಳಸಿದ್ದಾರೆ. ಪೆನ್ಷನ್ ಬರುವ ಬ್ಯಾಂಕು, ಎಲ್‌ಐಸಿ, ಅಮೆರಿಕದಲ್ಲಿರುವ ಮಗಳು, ಎಲ್ಲರ ಹತ್ತಿರ ಇರೋದು ಅದೊಂದೇ ಐಡಿ.

ಅಲ್ಲಿಂದ ಇದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರತೊಡಗಿತು. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕೇಳಿದರು. ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ಗೆಳೆಯ ಕೇಳಿದ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇರುವ ಪರಿಚಯದವರೊಬ್ಬರೂ ಕೇಳಿದರು. ನಾಲ್ವರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಐಡಿಯ ಬಾಲ ನೋಡಿ

ಮೇಲ್ ಐಡಿಯಲ್ಲಿ ಅಟ್ ಗುರುತಿನ ಹಿಂದೆ ನಿಮ್ಮ ಹೆಸರು, ಮುಂದೆ ಒಂದು ಬಾಲ. ಆ ಬಾಲದಲ್ಲಿ ಜಿಮೇಲ್, ಯಾಹೂ, ರೆಡಿಫ್‌ಮೇಲ್, ಹಾಟ್‌ಮೇಲ್ ಅಂತ ಇದ್ದರೆ ನಿಮ್ಮ ಮೇಲ್‌ಗೂ ಮನೆಯ ನೆಟ್ಟಿಗೂ ಸಂಬಂಧವೇ ಇಲ್ಲ. ಕನೆಕ್ಷನ್ ಹತ್ತು ಸಲ ಬದಲಿಸಿ, ಮೇಲ್ ಅಲ್ಲೇ ಇರುತ್ತದೆ. ಬಾಲದಲ್ಲಿ ನೆಟ್ ಕೊಡುವ ಕಂಪನಿಯ ಹೆಸರೇ ಇದ್ದರೆ ಕತೆ ಬೇರೆ. ಆ ಐಡಿ ಕನೆಕ್ಷನ್ ಜೊತೆ ಬಂದದ್ದು, ಕನೆಕ್ಷನ್ ಜೊತೆಗೇ ಹೋಗಬಹುದು.

ಈ ಎರಡು ಜಾತಿ ಹುಟ್ಟಿದ್ದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆಗ ಮೇಲ್ ಬೇಕೆಂದರೆ ಕನೆಕ್ಷನ್ ಕೊಟ್ಟವರೇ ಕೊಡಬೇಕಿತ್ತು. ಮರುವರ್ಷ ಹಾಟ್‌ಮೇಲ್ ಬಂದು, ಯಾವ ಊರಿನ ಯಾವ ಕಂಪ್ಯೂಟರ್‌ನಿಂದ ಬೇಕಾದರೂ ಪುಕ್ಕಟೆ ಮೇಲ್ ನೋಡಬಹುದು ಅಂತಾಯಿತು. ಕೊಪ್ಪೀಕರ್ ರಸ್ತೆಯ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಕೂತವರೆಲ್ಲ ಈ ಜಾತಿಯ ಐಡಿ ಮಾಡಿಕೊಂಡರು. ಮನೆಯಲ್ಲಿ ಫೋನ್ ಲೈನ್ ಇದ್ದವರು ಕಂಪನಿಯ ಐಡಿ ಹಿಡಿದುಕೊಂಡರು. ಆಗ ಅದೇ ಜಾಸ್ತಿ ಗೌರವದ್ದು ಅನ್ನಿಸುತ್ತಿತ್ತು ಬೇರೆ! 2004ರ ಏಪ್ರಿಲ್ 1ರಂದು ಗೂಗಲ್ ಒಂದು ಜಿಬಿ ಜಾಗದ ಜಿಮೇಲ್ ಘೋಷಿಸಿದಾಗ ಹಾಟ್‌ಮೇಲ್ ಕೊಡುತ್ತಿದ್ದದ್ದು ಎರಡು ಎಂಬಿ. ಏಪ್ರಿಲ್ ಫೂಲ್ ಇರಬೇಕು ಅಂದುಕೊಂಡವರೇ ಹೆಚ್ಚು.

ಮೊಬೈಲ್ ನಂಬರಿಗೆ 2011ರ ಜನವರಿಯಿಂದ ದೇಶದಾದ್ಯಂತ ಪೋರ್ಟಿಂಗ್ ಇದೆ. ಕಂಪನಿ ಬಿಟ್ಟರೂ ನಂಬರ್ ನಮ್ಮ ಜೊತೆ ಬರುತ್ತದೆ. ಕಂಪನಿ ಕೊಟ್ಟ ಮೇಲ್ ಐಡಿಗೆ ಅಂಥದ್ದೇನೂ ಇಲ್ಲ. ಎಲ್ಲ ತಲೆನೋವೂ ಇಲ್ಲಿಂದಲೇ ಶುರು.

ಏನನ್ನು ತೂಗಬೇಕು

ಯಾವ ದಾರಿ ಒಳ್ಳೆಯದು ಅಂತ ಕೇಳುವ ಮೊದಲು ನಾನು ಎಲ್ಲರಿಗೂ ಐದು ವಿಷಯ ಕೇಳುತ್ತೇನೆ. ಐಡಿಯ ಕೀಲಿ ಯಾರ ಕೈಯಲ್ಲಿದೆ, ಅಂದರೆ ಅದನ್ನು ಮುಚ್ಚುವ ಹಕ್ಕು ಯಾರದ್ದು? ಅದನ್ನು ಎಷ್ಟು ಕಡೆ ಬರೆಸಿದ್ದೀರಿ? ಹಳೆಯ ಪತ್ರಗಳು ಬೇಕಾ, ಬೇಕಾದರೆ ಅವು ಈಗ ಎಲ್ಲಿವೆ? ಆ ಐಡಿಗೆ ಮೇಲ್ ಬಂದರೆ ಸಾಕಾ, ಅದರಿಂದ ಕಳಿಸಲೂ ಬೇಕಾ? ಕೊನೆಯದು ಖರ್ಚು. ರೂಪಾಯಿ ಮಾತ್ರ ಅಲ್ಲ, ಆಗಾಗ ಅದರ ಹಿಂದೆ ಓಡಾಡುವವರು ಯಾರು ಅನ್ನೋದೂ ಖರ್ಚೇ.

ಎರಡನೆಯ ಪ್ರಶ್ನೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಎಲ್ಲರೂ ಎಡವೋದು ಅಲ್ಲೇ.

ಕಾಕಾನಿಗೆ ಒಂದು ನೋಟ್‌ಬುಕ್ ಕೊಟ್ಟು, ಈ ಐಡಿ ಎಲ್ಲೆಲ್ಲಿ ಕೊಟ್ಟಿದ್ದೀರಿ ಬರೀರಿ ಅಂದೆ. ಯೋಚಿಸಿ ಯೋಚಿಸಿ ಒಂಬತ್ತು ಬರೆದರು. ಆಮೇಲೆ ಅವರ ಇನ್‌ಬಾಕ್ಸ್ ತೆರೆದು, ಹಿಂದಿನ ಒಂದು ವರ್ಷದ ಪತ್ರಗಳನ್ನು ಕಳಿಸಿದವರ ಹೆಸರಿನ ಪ್ರಕಾರ ಜೋಡಿಸಿದೆವು. ಲೆಕ್ಕ ಇಪ್ಪತ್ತಮೂರಕ್ಕೆ ಬಂತು. ಮ್ಯೂಚುವಲ್ ಫಂಡ್‌ಗಳ ಸ್ಟೇಟ್‌ಮೆಂಟ್ ಇತ್ತು. ಗ್ಯಾಸ್ ಇತ್ತು. ಆದಾಯ ತೆರಿಗೆ ಇತ್ತು. ರೈಲ್ವೆ ಟಿಕೆಟ್ ಖಾತೆ ಇತ್ತು. ಎಲ್ಲಕ್ಕಿಂತ ಕೆಳಗೆ, ವರ್ಷಕ್ಕೆ ಒಂದೇ ಸಲ ಬರುವ ಒಂದು ಪತ್ರ: ಸಹಕಾರಿ ಬ್ಯಾಂಕಿನ ಲಾಕರ್ ಬಾಡಿಗೆ. "ಇದನ್ನ ಮರತೇ ಬಿಟ್ಟಿದ್ದೆ ನೋಡು," ಅಂದರು ಕಾಕಾ. ಕಾಕುವಿನ ಬಂಗಾರ ಇರೋದು ಆ ಲಾಕರ್‌ನಲ್ಲೇ.

ನೆನಪಿನ ಒಂಬತ್ತು, ಇನ್‌ಬಾಕ್ಸಿನ ಇಪ್ಪತ್ತಮೂರು. ದಿನಾ ಬರುವ ಪತ್ರಗಳು ಹೇಗೂ ನೆನಪಿರುತ್ತವೆ. ವರ್ಷಕ್ಕೊಮ್ಮೆ ಬರುವ ಪತ್ರಗಳೇ ಕೈಕೊಡೋದು. ಹಾಗಾಗಿ ಯಾವ ದಾರಿ ಹಿಡಿದರೂ ಈ ಜೋಡಣೆಯನ್ನು ಹಳೆಯ ಮೇಲ್ ಜೀವಂತ ಇರುವಾಗಲೇ ಮಾಡಿ. ಕನೆಕ್ಷನ್ ಕಟ್ ಆದ ಮೇಲೆ ಈ ಪಟ್ಟಿ ಕೊಡುವವರು ಯಾರೂ ಇಲ್ಲ.

ದಾರಿ ಒಂದು: ಹಳೆಯ ಕನೆಕ್ಷನ್ ಸಣ್ಣ ಪ್ಲಾನಿನಲ್ಲಿ ಇಟ್ಟುಕೊಳ್ಳೋದು

ಕಂಪನಿಯ ಐಡಿ ಇದ್ದವರಿಗೆ ಮೊದಲು ಹೊಳೆಯೋದು ಇದೇ. ತಲೆಕೆಡಿಸಿಕೊಳ್ಳೋದು ಬೇಡ, ಬಿಲ್ ಕಟ್ಟುತ್ತಾ ಹೋದರಾಯಿತು. ಲ್ಯಾಂಡ್‌ಲೈನ್ ನಂಬರೂ ಉಳಿಯುತ್ತದೆ. ಹಳೆಯ ಲಗ್ನಪತ್ರಿಕೆ, ಲೆಟರ್‌ಹೆಡ್ಡುಗಳ ಮೇಲೆಲ್ಲ 0836 ಅಂತ ಅಚ್ಚಾಗಿರುವ ನಂಬರಿನ ಮೇಲೆ ಕಾಕಾನಿಗೂ ಬಹಳ ಪ್ರೀತಿ.

ಆದರೆ ಲೆಕ್ಕ ಹಾಕಿ. ತಿಂಗಳಿಗೆ 399 ರೂಪಾಯಿಯ ಪ್ಲಾನ್ ಅಂತ ಹಿಡಿದರೂ 18% ಜಿಎಸ್‌ಟಿ ಸೇರಿ ಸುಮಾರು 471 ಆಗುತ್ತದೆ. ವರ್ಷಕ್ಕೆ 5,650ರ ಹತ್ತಿರ. ಬರೀ ಒಂದು ಮೇಲ್ ಐಡಿಗೆ ಇದು ದುಬಾರಿ. ಇಷ್ಟು ಕೊಟ್ಟರೂ ಕೀಲಿ ನಿಮ್ಮ ಕೈಗೆ ಬರೋದಿಲ್ಲ. ನಾಳೆ ಕಂಪನಿ ಮೇಲ್ ಸೇವೆಯನ್ನೇ ನಿಲ್ಲಿಸಿದರೆ ನಿಮ್ಮ ಬಿಲ್ ರಸೀದಿ ಹಿಡಿದು ಏನು ಮಾಡ್ತೀರಿ?

ಇದು ನನಗೇ ಆಗಿದೆ. ನನ್ನ ಮೊದಲ ಐಡಿಯೂ ಒಂದು ಕಂಪನಿ ಕೊಟ್ಟದ್ದೇ. ಜಿಮೇಲ್ ಮಾಡಿಕೊಂಡ ಮೇಲೆ ಅದನ್ನು ತೆರೆದು ನೋಡೋದು ಕಡಿಮೆಯಾಯಿತು. ಒಂದು ದಿನ ಅಜ್ಜನ ಕೈಬರಹದ ಹೊಲದ ಲೆಕ್ಕದ ಸ್ಕ್ಯಾನ್ ಬೇಕಾಗಿ ಹುಡುಕಿಕೊಂಡು ಹೋದರೆ ಲಾಗಿನ್ ಪುಟವೇ ಇಲ್ಲ. ಫೋನ್ ಹಚ್ಚಿದೆ. "ಮೊದಲೇ ತಿಳಿಸಿದ್ದೆವಲ್ಲ ಸರ್," ಅಂದರು. ಎಲ್ಲಿಗೆ ತಿಳಿಸಿದ್ದರು? ಅದೇ ಮೇಲ್‌ಗೆ! ನಾನು ನೋಡೋದನ್ನು ಬಿಟ್ಟಿದ್ದ ಮೇಲ್‌ಗೆ. ಅವರದ್ದು ತಪ್ಪು ಅಂತ ಹೇಳೋದಕ್ಕೂ ಬರಲಿಲ್ಲ. ಆ ಸ್ಕ್ಯಾನ್ ಮಾತ್ರ ಮತ್ತೆ ಸಿಗಲಿಲ್ಲ. ಮೂಲ ಕಾಗದ ಆ ಹೊತ್ತಿಗಾಗಲೇ ಗೆದ್ದಲಿನ ಪಾಲಾಗಿತ್ತು.

ಈ ದಾರಿಯನ್ನು ಮೂರು ತಿಂಗಳ ಸೇತುವೆ ಅಂತ ನೋಡಿದರೆ ತಪ್ಪಿಲ್ಲ. ಇಪ್ಪತ್ತಮೂರು ಕಡೆ ಐಡಿ ಬದಲಿಸೋಕೆ ಅಷ್ಟು ಸಮಯ ಬೇಕೇ ಬೇಕು. ಮೂರು ತಿಂಗಳಿಗೆ ಆಗುವ ಸಾವಿರದ ನಾಲ್ಕು ನೂರು ಚಿಲ್ಲರೆ ರೂಪಾಯಿ ದಂಡ ಅಲ್ಲ. ಮೂರು ವರ್ಷ ಕಟ್ಟುವುದು ಮಾತ್ರ ಸುಮ್ನೆ ದಂಡ. ಕಟ್ ಮಾಡಿಸೋಕೆ ಹೋಗುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಕನೆಕ್ಷನ್ ಹೋದ ಮೇಲೆ ಮೇಲ್ ಎಷ್ಟು ದಿನ ಇರುತ್ತದೆ, ಮೇಲ್ ಮಾತ್ರ ಉಳಿಸಿಕೊಳ್ಳುವ ವ್ಯವಸ್ಥೆ ಏನಾದರೂ ಇದೆಯಾ. ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಕೌಂಟರಿನ ಬಾಯಿಮಾತು ಬೇಡ.

ದಾರಿ ಎರಡು: ಹಳೆಯ ಪುಕ್ಕಟೆ ಐಡಿಯನ್ನೇ ಮುಂದುವರಿಸೋದು

ಪಕ್ಕದ ಮನೆಯ ಅಕ್ಕನ ಪ್ರಶ್ನೆಗೆ ಉತ್ತರ ಒಂದೇ ಸಾಲಿನದ್ದು. ಅವರದು ಕಾಲೇಜು ದಿನಗಳ ಯಾಹೂ ಐಡಿ. ವೈಫೈ ಬದಲಾದರೆ ಅದು ಹೋಗೋದಿಲ್ಲ. ಆದರೂ ಅವರ ಫೋನಿನಲ್ಲಿ ಒಂದು ಸಲ ನೋಡೋಣ ಅಂತ ತೆರೆದರೆ ಬೇರೆಯದೇ ತೊಂದರೆ ಕಂಡಿತು. ಪಾಸ್‌ವರ್ಡ್ ಮರೆತರೆ ಓಟಿಪಿ ಬರಬೇಕಾದ ನಂಬರ್ ಎಂಟು ವರ್ಷದ ಹಿಂದೆ ಬಿಟ್ಟುಬಿಟ್ಟ ಸಿಮ್‌ನದು. ಬಂದ್ ಆದ ಮೊಬೈಲ್ ನಂಬರನ್ನು 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಅಂದರೆ ಅಕ್ಕನ ಮೇಲ್ ಕೀಲಿ ಇಷ್ಟೊತ್ತಿಗೆ ಯಾರದೋ ಜೇಬಿನಲ್ಲಿರಬಹುದು.

ಪುಕ್ಕಟೆ ಐಡಿಗೆ ಬಾಡಿಗೆ ಇಲ್ಲ ನಿಜ. ಆದರೆ ಆಗಾಗ ಬಾಗಿಲು ತೆರೆದು ದೀಪ ಹಚ್ಚಬೇಕು. ಎರಡು ವರ್ಷ ಬಳಸದೇ ಇದ್ದ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ಮೈಕ್ರೋಸಾಫ್ಟ್‌ನದ್ದೂ ಎರಡು ವರ್ಷವೇ. ಯಾಹೂದಲ್ಲಿ ಹನ್ನೆರಡು ತಿಂಗಳು ಲಾಗಿನ್ ಆಗದಿದ್ದರೆ ಒಳಗಿನ ಪತ್ರಗಳು ಹೋಗಬಹುದು. 2013ರಲ್ಲಿ ಯಾಹೂ ಬಳಕೆಯಲ್ಲಿಲ್ಲದ ಐಡಿಗಳನ್ನು ಬೇರೆಯವರಿಗೆ ಕೊಟ್ಟದ್ದೂ ಇದೆ. ನಿಮ್ಮ ಹಳೆಯ ಹೆಸರಿನಲ್ಲಿ ಇನ್ನೊಬ್ಬರು ಕೂತು, ನಿಮ್ಮ ಬ್ಯಾಂಕಿನ ಪತ್ರ ಅವರಿಗೆ ಬಂದರೆ? ಬೇಡವಾದ ಐಡಿಯನ್ನು ಬಿಡೋದಾದರೂ ಅದಕ್ಕೆ ಜೋಡಿಸಿದ ಬ್ಯಾಂಕು, ಖಾತೆಗಳನ್ನು ಮೊದಲು ಬಿಡಿಸಿಕೊಂಡು ಬಿಡಿ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: ಐಡಿ ಬದಲಿಸಬೇಡಿ, ನಂಬರ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ, ದೀಪಾವಳಿಗೊಮ್ಮೆ ಯುಗಾದಿಗೊಮ್ಮೆಯಾದರೂ ತೆರೆದು ನೋಡಿ. ಕಾಲು ಗಂಟೆಯ ಕೆಲಸ. ಗಿರ್ಮಿಟ್ ತಿನ್ನುತ್ತಾ ಮುಗಿಸಿದೆವು.

ದಾರಿ ಮೂರು: ಹೊಸ ಐಡಿ, ಹಳೆಯದರಿಂದ ಫಾರ್ವರ್ಡ್

ಕಂಪನಿ ಐಡಿ ಇರುವ ಮನೆಮಂದಿಗೆ ನಾನು ಜಾಸ್ತಿ ಹೇಳೋದು ಈ ದಾರಿ. ಜಿಮೇಲ್ ಇರಲಿ, ಔಟ್‌ಲುಕ್ ಇರಲಿ, ಚೆನ್ನೈ ಮೂಲದ ಝೋಹೋ ಇರಲಿ, ಒಂದು ಹೊಸ ಐಡಿ ಮಾಡಿ. ಹಳೆಯದರ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಇದ್ದರೆ ಹೊಸದರ ಕಡೆಗೆ ತಿರುಗಿಸಿ. ಹಳೆಯ ಕಡೆ ಬಂದ ಪತ್ರ ತಾನಾಗಿ ಇಲ್ಲಿಗೆ ಬರುತ್ತದೆ. ಬಂದಂತೆಲ್ಲ ಒಬ್ಬೊಬ್ಬರಿಗೇ ಹೊಸ ಐಡಿ ತಿಳಿಸುತ್ತಾ ಹೋಗಬಹುದು.

ಇದರಲ್ಲೂ ಮುಳ್ಳುಗಳಿವೆ. ಹೀಗೆ ತಿರುಗಿ ಬಂದ ಪತ್ರವನ್ನು ಹೊಸ ಕಡೆಯವರು ಅನುಮಾನದಿಂದ ನೋಡುತ್ತಾರೆ. ಬ್ಯಾಂಕಿನ ಹೆಸರಿನ ಪತ್ರ ಬ್ಯಾಂಕಿನ ಸರ್ವರ್ ಬಿಟ್ಟು ಬೇರೆ ಯಾವುದೋ ಸರ್ವರ್‌ನಿಂದ ಬಂದಂತೆ ಕಾಣುತ್ತದಲ್ಲ, ಅದಕ್ಕೆ ಸ್ಪ್ಯಾಮ್‌ಗೆ ತಳ್ಳುತ್ತಾರೆ. ಮೊದಲ ಒಂದೆರಡು ತಿಂಗಳು ದಿನಾ ಸ್ಪ್ಯಾಮ್ ಫೋಲ್ಡರ್ ನೋಡಲೇಬೇಕು. ಹಿಂದೆ ಜಿಮೇಲ್ ತಾನೇ ಹೋಗಿ ಬೇರೆ ಕಂಪನಿಯ ಪತ್ರಗಳನ್ನು ಎಳೆದು ತರುತ್ತಿತ್ತು. 2026ರಿಂದ ಆ ಸೌಲಭ್ಯ ನಿಲ್ಲಿಸುವುದಾಗಿ ಗೂಗಲ್ ಹೇಳಿದೆ, ಅದನ್ನು ನಂಬಿ ಕೂರಬೇಡಿ. ಹಳೆಯ ಮೇಲ್‌ನಲ್ಲಿ ಫಾರ್ವರ್ಡಿಂಗ್ ಇಲ್ಲದಿದ್ದರೆ ಫೋನಿನ ಮೇಲ್ ಆ್ಯಪ್‌ನಲ್ಲಿ ಎರಡೂ ಖಾತೆ ಸೇರಿಸಿಕೊಳ್ಳಿ. ಒಂದೇ ಕಡೆ ಎರಡೂ ಕಾಣುತ್ತವೆ. ಸೇರಿಸುವಾಗ ಪಾಪ್ ಬೇಕಾ ಐಮ್ಯಾಪ್ ಬೇಕಾ ಅಂತ ಕೇಳಿದರೆ ಐಮ್ಯಾಪ್ ಅನ್ನಿ. ಪಾಪ್ ಅನ್ನೋದು ಪತ್ರವನ್ನು ಇಳಿಸಿಕೊಂಡು ಅಲ್ಲಿಂದ ಅಳಿಸಿಬಿಡಬಹುದು. ಐಮ್ಯಾಪ್ ಅಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ತೋರಿಸುತ್ತದೆ.

ಜಿಮೇಲ್‌ನ ಪುಕ್ಕಟೆ ಜಾಗ 15 ಜಿಬಿ. ಆದರೆ ಅದರಲ್ಲೇ ಫೋಟೋ, ಡ್ರೈವ್ ಎಲ್ಲ ಬಂದವು. ಮೊಮ್ಮಕ್ಕಳ ವೀಡಿಯೊ ತುಂಬಿ ಜಾಗ ಮುಗಿದರೆ ಹೊಸ ಪತ್ರ ಬರೋದೇ ನಿಲ್ಲುತ್ತದೆ. ಹಿರಿಯರಿಗೆ ಐಡಿ ಮಾಡಿಕೊಡುವಾಗ ಫೋಟೋ ಬ್ಯಾಕಪ್ ಬೇರೆ ಖಾತೆಗೆ ಹಾಕಿಕೊಡಿ, ಇಲ್ಲವೇ ಬಂದ್ ಮಾಡಿ.

ಹೊಸ ಐಡಿಗೆ ಹೆಸರು ಇಡುವಾಗ ಊರಿನ ಹೆಸರು ಸೇರಿಸಬೇಡಿ ಅಂತ ನನ್ನ ಸಲಹೆ. ನಮ್ಮವರಲ್ಲಿ ಎಷ್ಟೋ ಜನರ ಐಡಿಯಲ್ಲಿ ಹುಬ್ಬಳ್ಳಿಯ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗ್ ಇದೆ. 2014ರ ನವೆಂಬರ್ 1ರಂದು ಊರಿನ ಸ್ಪೆಲ್ಲಿಂಗೇ ಬದಲಾಯಿತು. ಈಗ ಫೋನಿನಲ್ಲಿ ಐಡಿ ಹೇಳುವಾಗ "ಹಳೇ ಹುಬ್ಳಿರೀ, ಹೊಸಾದಲ್ಲ" ಅಂತ ಬಿಡಿಸಿ ಹೇಳಬೇಕು. ಕೇಳುವವರು ಹಳೇ ಹುಬ್ಬಳ್ಳಿ ಬಡಾವಣೆ ಅಂದುಕೊಳ್ಳುತ್ತಾರೆ.

ಕಾಕಾನ ಟೇಬಲ್ ಕೆಳಗಿನ ಪೆಟ್ಟಿಗೆ

ಇದು ಬೇರೆ ದಾರಿಯಲ್ಲ, ಯಾವ ದಾರಿಗಾದರೂ ಸೇರಿಸಿಕೊಳ್ಳಬೇಕಾದ ಕೆಲಸ. ಕಾಕಾನ ಮೇಲ್ ಅನ್ನು ವೆಬ್‌ನಲ್ಲಿ ತೆರೆದಾಗ 2013ರ ಈಚಿನ ಪತ್ರಗಳಷ್ಟೇ ಕಂಡವು. ಅದಕ್ಕೂ ಹಿಂದಿನವು ಎಲ್ಲಿ? ಮಗಳು ಅಮೆರಿಕಕ್ಕೆ ಹೋದ ಮೊದಲ ವರ್ಷ ಬರೆದ ಪತ್ರಗಳೆಲ್ಲ ಆ ಕಾಲದವು. ಕಾಕು ಮುಖ ಸಣ್ಣದು ಮಾಡಿದರು.

ಟೇಬಲ್ ಕೆಳಗೆ, ಹಳೆಯ ಸೀರೆಯ ತುಂಡು ಹೊದಿಸಿ ಇಟ್ಟ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇತ್ತು. ಆಗ ಅವರು ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಮೇಲ್ ನೋಡುತ್ತಿದ್ದರು, ಪಾಪ್ ಪದ್ಧತಿಯಲ್ಲಿ. ಪತ್ರ ಬಂದಂತೆಲ್ಲ ಈ ಪೆಟ್ಟಿಗೆಗೆ ಇಳಿದು ಕಂಪನಿಯ ಸರ್ವರ್‌ನಿಂದ ಅಳಿಸಿಹೋಗಿತ್ತು. ಲೋಕದಲ್ಲಿ ಆ ಪತ್ರಗಳ ಒಂದೇ ಪ್ರತಿ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಅದನ್ನು ಗುಜರಿಯವನಿಗೆ ಹಾಕಲು ಎರಡು ಸಲ ಮಾತಾಗಿತ್ತಂತೆ!

ಧೂಳು ಊದಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದೆ. ಫ್ಯಾನ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು, ಆದರೆ ಪರದೆ ಬಂತು. ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಫೋಲ್ಡರನ್ನೂ ಡಿಬಿಎಕ್ಸ್ ಅನ್ನುವ ಒಂದೊಂದು ಫೈಲ್ ಮಾಡಿ, ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟಿರುತ್ತದೆ. ಇಂದಿನ ಕಂಪ್ಯೂಟರ್‌ಗಳು ಅದನ್ನು ನೇರವಾಗಿ ಓದೋದಿಲ್ಲ. ಸುಲಭದ ಉಪಾಯ ಇಷ್ಟು: ಮೊದಲು ಆ ಫೈಲ್‌ಗಳನ್ನು ಹಾಗೇ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಅದೇ ಎಕ್ಸ್‌ಪಿ ಯಂತ್ರದಲ್ಲಿ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂನ 52ನೇ ಆವೃತ್ತಿ ಹಾಕಿ. ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಆವೃತ್ತಿ ಅದು, ಪುಕ್ಕಟೆ. ಅದರಲ್ಲಿ ಇಂಪೋರ್ಟ್ ಒತ್ತಿದರೆ ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಪತ್ರಗಳು ಒಳಗೆ ಬರುತ್ತವೆ. ಆ ಥಂಡರ್‌ಬರ್ಡ್ ಫೋಲ್ಡರನ್ನು ಹೊಸ ಲ್ಯಾಪ್‌ಟಾಪ್‌ಗೆ ಒಯ್ದರೆ ಮುಗಿಯಿತು. ನಮಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಮಧ್ಯಾಹ್ನ ಮೂರಕ್ಕೆ ಮಗಳ ಮೊದಲ ಪತ್ರ ತೆರೆದುಕೊಂಡಿತು. "ಅವ್ವಾ, ಇಲ್ಲಿ ಜೋಳದ ಹಿಟ್ಟು ಸಿಗ್ತೈತಿ, ಆದ್ರ ರೊಟ್ಟಿ ಬಡಿಯಾಕ ಬರವಲ್ದು." ಕಾಕು ಅದನ್ನು ಎರಡು ಸಲ ಓದಿಸಿಕೊಂಡರು.

ಈಚಿನ ಪತ್ರಗಳದ್ದು ಇಷ್ಟು ಕಷ್ಟವಿಲ್ಲ. ಥಂಡರ್‌ಬರ್ಡ್‌ಗೆ ಹಳೆಯ ಖಾತೆ ಐಮ್ಯಾಪ್‌ನಲ್ಲಿ ಸೇರಿಸಿ, ಬೇಕಾದ ಪತ್ರಗಳನ್ನು ಅದರೊಳಗಿನ ಲೋಕಲ್ ಫೋಲ್ಡರ್‌ಗೆ ಎಳೆದು ಹಾಕಿ. ಹೊಸ ಖಾತೆಯನ್ನೂ ಸೇರಿಸಿದ್ದರೆ ನೇರ ಅಲ್ಲಿಗೇ ಎಳೆಯಬಹುದು. ಜಿಮೇಲ್‌ನವರಿಗೆ ಗೂಗಲ್ ಟೇಕ್‌ಔಟ್ ಇದೆ, ಎಲ್ಲ ಪತ್ರಗಳನ್ನು ಕಟ್ಟಿ ಕೈಗೆ ಕೊಡುತ್ತದೆ.

ದಾರಿ ನಾಲ್ಕು: ಸ್ವಂತ ಡೊಮೇನ್

ಮೇಲ್ ಐಡಿಗೆ ಪೋರ್ಟಿಂಗ್ ಇಲ್ಲ ಅಂದೆನಲ್ಲ. ಒಂದೇ ಒಂದು ಬಗೆಯಲ್ಲಿ ಇದೆ: ಅಟ್ ಗುರುತಿನ ಮುಂದಿನ ಬಾಲವೂ, ಅಂದರೆ ಡೊಮೇನ್ ಕೂಡ, ನಿಮ್ಮದೇ ಆಗಿರೋದು. ಡಾಟ್ ಇನ್ ಹೆಸರೊಂದನ್ನು ವರ್ಷದ ಲೆಕ್ಕದಲ್ಲಿ ಕೊಂಡು, ಅದರ ಮೇಲ್ ಕೆಲಸವನ್ನು ಝೋಹೋಗೋ ಗೂಗಲ್‌ಗೋ ಮೈಕ್ರೋಸಾಫ್ಟ್‌ಗೋ ಒಪ್ಪಿಸಬಹುದು. ನಾಳೆ ಅವರು ಸರಿಬರದಿದ್ದರೆ ಬೇರೆಯವರ ಕಡೆ ತಿರುಗಿಸಬಹುದು. ಐಡಿ ಒಂದು ಅಕ್ಷರವೂ ಬದಲಾಗೋದಿಲ್ಲ. ನೆಟ್ ಕಂಪನಿ ಯಾವುದಿದ್ದರೇನು!

ಬೆಟಗೇರಿಯ ಪ್ರೆಸ್ ಗೆಳೆಯನಿಗೆ ನಾನು ಹೇಳಿದ್ದು ಇದನ್ನೇ. ಅವನ ಐಡಿ ಬಿಲ್ ಪುಸ್ತಕದ ಮೇಲಿದೆ, ಬೋರ್ಡಿನ ಮೇಲಿದೆ, ಊರಿನ ಅರ್ಧ ಲಗ್ನಪತ್ರಿಕೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಒಮ್ಮೆ ಬದಲಿಸುವ ಕಷ್ಟ ಹೇಗೂ ತಪ್ಪಿದ್ದಲ್ಲ. ಹಾಗಿದ್ದರೆ ಮತ್ತೆಂದೂ ಬದಲಿಸಬೇಕಾಗದ ಐಡಿಗೇ ಬದಲಿಸಲಿ ಅಂತ. ಪಿಡಿಎಫ್ ಫೈಲ್ ಕಳಿಸುವ ಗಿರಾಕಿಗೂ ಅಂಗಡಿಯ ಹೆಸರಿನ ಐಡಿ ನೋಡಿದರೆ ನಂಬಿಕೆ ಬರುತ್ತದೆ.

ಖರ್ಚು ಎರಡು ತುಂಡಿನದ್ದು. ಡೊಮೇನ್‌ಗೆ ವರ್ಷಕ್ಕೆ ಕೆಲವು ನೂರರಿಂದ ಸಾವಿರದ ಆಚೀಚೆ. ಮೇಲ್ ಸೇವೆಗೆ ತಲೆಗೆ ಇಷ್ಟು ಅಂತ ಬೇರೆ. ಮೊದಲ ವರ್ಷದ ಡಿಸ್ಕೌಂಟ್ ನೋಡಿ ಕುಣಿಯಬೇಡಿ, ಎರಡನೆಯ ವರ್ಷದ ದರ ಕೇಳಿ. ಇನ್ನೊಂದು ದೊಡ್ಡ ಗುಂಡಿ: ಡೊಮೇನ್ ಯಾರ ಹೆಸರಿನಲ್ಲಿದೆ? ನಮ್ಮ ಕಡೆ ವೆಬ್‌ಸೈಟ್ ಮಾಡಿಕೊಡುವ ಹುಡುಗ ತನ್ನದೇ ಖಾತೆಯಲ್ಲಿ ಕೊಂಡುಬಿಡುತ್ತಾನೆ. ಅವನು ಬೆಂಗಳೂರಿಗೆ ಹೋದ, ನಂಬರ್ ಬದಲಿಸಿದ, ರಿನ್ಯೂವಲ್ ತಪ್ಪಿತು, ಹೆಸರು ಕೈಬಿಟ್ಟಿತು. ಕಂಪನಿ ಐಡಿಗಿಂತ ಕೆಟ್ಟ ಸ್ಥಿತಿ ಇದು. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ಇರಲಿ. ಆ ಖಾತೆಗೆ ಕೊಡುವ ಮೇಲ್ ಐಡಿ ಮಾತ್ರ ಆ ಡೊಮೇನ್‌ದಾಗಿರಬಾರದು. ಡೊಮೇನ್ ನಿಂತುಹೋದರೆ "ರಿನ್ಯೂ ಮಾಡಿ" ಅನ್ನುವ ಪತ್ರವೂ ಅದರ ಜೊತೆಗೇ ನಿಲ್ಲುತ್ತದೆ.

ಮನೆಯ ಬಳಕೆಗೆ ಇದು ಬೇಕಾ? ಕಾಕಾನಿಗೆ ಬೇಡ ಅಂದೆ. ರಿನ್ಯೂವಲ್ ನೆನಪಿಡುವವರು ಯಾರೂ ಮನೆಯಲ್ಲಿಲ್ಲದಿದ್ದರೆ ಸ್ವಂತ ಡೊಮೇನ್ ಅನ್ನೋದು ಗೋಡೆಗೆ ನೇತುಹಾಕಿದ ಗಡಿಯಾರದಂತೆ. ಬ್ಯಾಟರಿ ಹಾಕೋ ತನಕ ಮಾತ್ರ.

ಬ್ಯಾಡಗಿಯವರ ಪ್ರಶ್ನೆ: ಬರೋದು ಬರುತ್ತದೆ, ಹೋಗೋದೇ ಇಲ್ಲ

ದಲಾಲಿ ಅಂಗಡಿಯವರದು ಸ್ವಲ್ಪ ಸಿಕ್ಕು. ಅವರ ವ್ಯವಹಾರದ ಮಾತೆಲ್ಲ ವಾಟ್ಸ್‌ಆ್ಯಪ್‌ನಲ್ಲೇ. ಆದರೆ ಮೆಣಸಿನಕಾಯಿಯ ಬಣ್ಣ ತೆಗೆಯುವ ಕೇರಳದ ಓಲಿಯೋರೆಸಿನ್ ಕಾರ್ಖಾನೆಗಳ ಆರ್ಡರ್, ಬ್ಯಾಂಕಿನ ಕಾಗದ, ಜಿಎಸ್‌ಟಿ, ಇಷ್ಟು ಮೇಲ್‌ನಲ್ಲಿ. ಅಂಗಡಿಗೆ ಬೇರೆ ಕಂಪನಿಯ ನೆಟ್ ಹಾಕಿಸಿದರು. ಹಳೆಯದನ್ನೂ ಇಟ್ಟುಕೊಂಡಿದ್ದರು. ಪತ್ರ ಬರುತ್ತಿತ್ತು. ಉತ್ತರ ಕಳಿಸಿದರೆ "ರಿಲೇಯಿಂಗ್ ಡಿನೈಡ್" ಅಂತ ವಾಪಸ್ ಬೀಳುತ್ತಿತ್ತು. ನೆಟ್ ಹಾಕಿದ ಹುಡುಗನನ್ನು ಎರಡು ಸಲ ಬೈದಿದ್ದರು ಪಾಪ.

ಆ ಹುಡುಗನ ತಪ್ಪಲ್ಲ ಅದು. ಪತ್ರ ಹೊರಗೆ ಕಳಿಸುವ ಸರ್ವರ್ ಬೇರೆ ಇರುತ್ತದೆ. ಹಳೆಯ ಕಾಲದ ಸೆಟ್ಟಿಂಗ್‌ನಲ್ಲಿ ಅದು ತನ್ನ ಕಂಪನಿಯ ಲೈನಿನಿಂದ ಬಂದವರ ಪತ್ರ ಮಾತ್ರ ತೆಗೆದುಕೊಳ್ಳುತ್ತಿತ್ತು. ಪಾಸ್‌ವರ್ಡ್ ಕೂಡ ಕೇಳುತ್ತಿರಲಿಲ್ಲ. ಈಗ ನೀವು ಬೇರೆಯವರ ಲೈನಿನಿಂದ ಹೋಗಿ ಬಾಗಿಲು ಬಡಿದರೆ ಅದು ತೆರೆಯೋದಿಲ್ಲ. ಮೇಲ್ ಪ್ರೋಗ್ರಾಂನ ಔಟ್‌ಗೋಯಿಂಗ್ ಸೆಟ್ಟಿಂಗ್‌ನಲ್ಲಿ ಪೋರ್ಟ್, ಅಂದರೆ ಸರ್ವರ್‌ನ ಬಾಗಿಲಿನ ನಂಬರ್, 25 ಇದ್ದದ್ದನ್ನು 587 ಮಾಡಿ, ಪಾಸ್‌ವರ್ಡ್ ಕೇಳುವಂತೆ ಟಿಕ್ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಸ್ಪ್ಯಾಮ್ ಕಾಟಕ್ಕೆ 25ನೇ ಪೋರ್ಟನ್ನು ಎಷ್ಟೋ ಕಂಪನಿಗಳು ಮುಚ್ಚಿಯೇ ಬಿಟ್ಟಿವೆ. ಅವರದ್ದೂ ಹಾಗೇ ಸರಿಹೋಯಿತು. ಹೋಗದಿದ್ದರೆ ಹಳೆಯ ಕಂಪನಿಯ ವೆಬ್‌ಮೇಲ್‌ನಿಂದ ಕಳಿಸೋದೇ ದಾರಿ. ಕಳಿಸಲೂ ಬೇಕು ಅನ್ನುವವರಿಗೆ ಮೂರನೆಯ ದಾರಿ ಯಾಕೆ ಅರ್ಧಂಬರ್ಧ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಫಾರ್ವರ್ಡ್ ಒಳಗೆ ತರುತ್ತದೆ, ಹೊರಗೆ ಒಯ್ಯೋದಿಲ್ಲ.

ಯಾರಿಗೆ ಮೊದಲು ತಿಳಿಸೋದು

ಐಡಿ ಬದಲಿಸುವ ಪಟ್ಟಿಯಲ್ಲಿ ಸ್ನೇಹಿತರು ಕೊನೆಗೆ ಬರಲಿ, ಅವರ ಹತ್ತಿರ ಫೋನ್ ನಂಬರ್ ಇದ್ದೇ ಇದೆ. ಮೊದಲು ಬ್ಯಾಂಕು, ಆಮೇಲೆ ಆದಾಯ ತೆರಿಗೆ ಪೋರ್ಟಲ್, ವ್ಯಾಪಾರಿಗಳಾದರೆ ಜಿಎಸ್‌ಟಿ. ಹೊಸ ಐಡಿ ಹಾಕುವಾಗ ಹಳೆಯ ಐಡಿಗೂ ಓಟಿಪಿ ಕಳಿಸುವ ಖಾತೆಗಳಿವೆ. ಹಳೆಯದು ಸತ್ತಿದ್ದರೆ ಅಲ್ಲಿಗೇ ನಿಂತಿರಿ. ಪಾಸ್‌ವರ್ಡ್ ಮರೆತವರ ಪಾಡೂ ಅದೇ. ಮ್ಯೂಚುವಲ್ ಫಂಡ್ ಎಂಟು ಹತ್ತು ಕಂಪನಿಗಳಲ್ಲಿದ್ದರೂ ಹೆದರಬೇಡಿ. ಅವುಗಳ ಲೆಕ್ಕ ಇಡುವವರು ಹೆಚ್ಚಾಗಿ ಇಬ್ಬರೇ, ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್. ಎಲ್‌ಐಸಿ, ಗ್ಯಾಸ್, ರೈಲ್ವೆ ಆಮೇಲೆ. ಸಹಕಾರಿ ಬ್ಯಾಂಕುಗಳಲ್ಲಿ ಬಹಳ ಕಡೆ ಅರ್ಜಿ ಬರೆದು ಕೈಯಲ್ಲೇ ಕೊಡಬೇಕು.

"ನಾನು ಐಡಿ ಬದಲಿಸಿದ್ದೇನೆ, ಇದು ನನ್ನ ಹೊಸ ಐಡಿ" ಅನ್ನುವ ಆಟೋ ರಿಪ್ಲೈ ಹಾಕಬೇಡಿ. ಅದು ಮೋಸಗಾರರಿಗೂ ಹೋಗುತ್ತದೆ.

ಕಾಕಾ ಕೊನೆಗೆ ಮಾಡಿದ್ದು ಒಂದು ಮತ್ತು ಮೂರರ ಬೆರಕೆ. ಹಳೆಯ ಕನೆಕ್ಷನ್ ಅನ್ನು ಮೂರು ತಿಂಗಳು ಸಣ್ಣ ಪ್ಲಾನಿನಲ್ಲಿ ಇಟ್ಟರು. ಒಂದು ಜಿಮೇಲ್ ಮಾಡಿದರು. ನೋಟ್‌ಬುಕ್‌ನ ಇಪ್ಪತ್ತಮೂರಕ್ಕೂ ಒಂದೊಂದೇ ಟಿಕ್ ಹಾಕುತ್ತಾ ಬಂದರು. ಮೂರನೆಯ ತಿಂಗಳಲ್ಲಿ ಹಳೆಯ ಇನ್‌ಬಾಕ್ಸ್‌ಗೆ ಬರೀ ಜಾಹೀರಾತು ಬರತೊಡಗಿದವು. ಆಗ ಮೋಡೆಮ್ ಚೀಲದಲ್ಲಿ ಹಾಕಿಕೊಂಡು ಹೋಗಿ ವಾಪಸ್ ಕೊಟ್ಟು, ಡಿಪಾಸಿಟ್ ಹಣಕ್ಕೆ ಅರ್ಜಿ ಬರೆದು, ರಸೀದಿ ತೆಗೆದುಕೊಂಡು ಬಂದರು. ಪ್ರೆಸ್ ಗೆಳೆಯ ಡೊಮೇನ್ ಕೊಂಡಿದ್ದಾನೆ. ಹಳೆಯ ಬಿಲ್ ಪುಸ್ತಕ ಮುಗಿಯೋ ತನಕ ಹಳೆಯ ಐಡಿಯ ಮೇಲೆ ಹೊಸದರ ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದಾನೆ.

ಬ್ಯಾಡಗಿಯವರು ಮಾತ್ರ ಇನ್ನೂ ಹಳೆಯದರಲ್ಲೇ ಇದ್ದಾರೆ. ಡೊಮೇನ್ ತಗೊಳ್ಳಿ ಅಂದೆ, ಒಪ್ಪಿದರು. ಆದರೆ ಈಗ ಬೇಡ ಅಂದರು. ಸೋಮವಾರ, ಗುರುವಾರ ಬಂದರೆ ಅಂಗಡಿ ಮುಂದೆ ಚೀಲಗಳ ಸಾಲು, ಟೆಂಡರ್ ಗದ್ದಲ, ಉಣ್ಣೋಕೂ ಪುರುಸೊತ್ತಿಲ್ಲ. "ಸೀಸನ್ ನಡುವೆ ಮೇಲ್ ಬದಲ ಮಾಡಿ, ಒಂದ್ ಆರ್ಡರ್ ತಪ್ಪಿದ್ರ ನೀವ್ ಕೊಡ್ತೀರೇನ್ರೀ?" ಅಂತ ನಕ್ಕರು. ಅವರ ಮಾತೂ ಸರಿಯೇ. ಮಳೆ ಶುರುವಾಗಿ ಮಾರ್ಕೆಟ್ ತಣ್ಣಗಾದ ಮೇಲೆ ಬರ್ತೀನಿ ಅಂದಿದ್ದೇನೆ. ಅಲ್ಲಿವರೆಗೆ ಹಳೆಯ ಬಿಲ್ ತಪ್ಪದೇ ಕಟ್ಟಿ ಅಂತಲೂ ಹೇಳಿ ಬಂದೆ.